ಎದೆ ಮೇಲಿನ ಪುಟ್ಟ ಬಾವುಟ: ಯುದ್ಧದಲ್ಲಿ ಮಡಿದವರ ನೆನಪಿಗೆ ಏನು ಧರಿಸೋದು, ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಒಂದು ಪ್ರೌಢಶಾಲೆಯಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟ್ರು ನಾನು. ಡಿಸೆಂಬರ್ ಬಂದರೆ ಧ್ವಜ ದಿನದ ಬಾವುಟ ಹಂಚುವ ಕೆಲಸ ನನ್ನ ಪಾಲಿಗೆ. ಅದರ ಜೊತೆಗೆ ಪ್ರಶ್ನೆಗಳೂ ನನ್ನ ಪಾಲಿಗೇ. ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ, ಚಿಕ್ಕಮಗಳೂರಿನ ನೆಂಟರು ಫೋನ್ ಮಾಡಿ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳೋದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಉತ್ತರಗಳು ಉದ್ದ ಆಗಿವೆ, ಬೇಕಾದಷ್ಟು ಓದಿಕೊಳ್ಳಿ.

ಡಿಸೆಂಬರ್ 7ಕ್ಕೆ ಶಾಲೆ, ಆಫೀಸುಗಳಲ್ಲಿ ಕೊಡುವ ಆ ಬಾವುಟ ಏನು?

ಸಶಸ್ತ್ರ ಪಡೆಗಳ ಧ್ವಜ ದಿನದ ಬಾವುಟ. ಕೆಂಪು ಭೂಸೇನೆಗೆ, ಕಡು ನೀಲಿ ನೌಕಾಪಡೆಗೆ, ತಿಳಿ ನೀಲಿ ವಾಯುಪಡೆಗೆ. ಕಾಶ್ಮೀರದ ಮೊದಲ ಯುದ್ಧ ನಿಂತಿದ್ದು 1949ರ ಜನವರಿ 1ಕ್ಕೆ. ಸತ್ತವರ ಮನೆಗಳು, ಕೈಕಾಲು ಕಳೆದುಕೊಂಡವರು, ನೌಕರಿ ಮುಗಿಸಿ ಬಂದು ಊರಲ್ಲಿ ಏನು ಮಾಡೋದು ಅಂತ ತಿಳಿಯದೆ ಕೂತವರು, ಎಲ್ಲ ಸೇರಿ ದೊಡ್ಡ ಸಂಖ್ಯೆ ಇತ್ತು. ಅದೇ ವರ್ಷ ಆಗಸ್ಟ್ 28ಕ್ಕೆ ರಕ್ಷಣಾ ಸಚಿವರ ಸಮಿತಿಯೊಂದು, ವರ್ಷಕ್ಕೊಂದು ದಿನ ಜನರಿಗೆ ಪುಟ್ಟ ಬಾವುಟ ಕೊಟ್ಟು ಹಣ ಕೂಡಿಸೋಣ ಅಂತ ತೀರ್ಮಾನಿಸಿತು. ಡಿಸೆಂಬರ್ 7 ಅಂತ ದಿನವೂ ಗೊತ್ತಾಯಿತು. ಅಲ್ಲಿಂದ ಇಲ್ಲಿವರೆಗೆ ನಡೆದುಕೊಂಡು ಬಂದಿದೆ.

ಅಂದರೆ ಇದು ಸುಮ್ನೆ ಅಲಂಕಾರಕ್ಕೆ ಕೊಡುವ ಬ್ಯಾಡ್ಜ್ ಅಲ್ಲ, ದುಡ್ಡು ಕೊಟ್ಟಿದ್ದಕ್ಕೆ ಗುರುತು. ಮಕ್ಕಳು ಇದನ್ನೇ ಮರೆಯೋದು. ಬಾವುಟ ತಗೊಂಡು ಓಡಿ ಹೋಗುತ್ತಾರೆ, ಡಬ್ಬಿ ಖಾಲಿ ಇರುತ್ತೆ.

ಅದು ರಾಷ್ಟ್ರಧ್ವಜನಾ?

ಅಲ್ಲ. ಕೇಸರಿ, ಬಿಳಿ, ಹಸಿರು ಯಾವುದೂ ಅದರಲ್ಲಿಲ್ಲ. ಆದರೂ ಪ್ರತಿ ವರ್ಷ ಒಬ್ಬರಾದರೂ ‘ನಮ್ ಬಾವುಟದ ಬಣ್ಣ ತಪ್ಪಾಗಿ ಪ್ರಿಂಟ್ ಆಗಿದೆ’ ಅಂತ ತಂದು ತೋರಿಸುತ್ತಾರೆ.

ಹಣ ಎಲ್ಲಿಗೆ ಹೋಗುತ್ತೆ?

ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಗೆ. ಮೊದಲು ಯುದ್ಧದಲ್ಲಿ ಮಡಿದವರ ಕುಟುಂಬಕ್ಕೊಂದು, ಅಂಗವಿಕಲರಾದವರಿಗೊಂದು ಅಂತ ಬೇರೆ ಬೇರೆ ನಿಧಿಗಳಿದ್ದವು. 1993ರಲ್ಲಿ ಎಲ್ಲ ಒಟ್ಟುಗೂಡಿಸಿ ಒಂದೇ ಮಾಡಿದರು. ದೆಹಲಿಯಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಇದನ್ನು ನೋಡಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ.

ಪಿಂಚಣಿ ಬಾರದ ವಯಸ್ಸಾದ ಮಾಜಿ ಸೈನಿಕರಿಗೆ, ಅವರ ಹೆಂಡತಿಯರಿಗೆ ತಿಂಗಳ ಸಹಾಯಧನ ಇದರಿಂದಲೇ ಹೋಗುತ್ತದೆ. ಮಕ್ಕಳ ಓದಿಗೆ, ಹೆಣ್ಣುಮಕ್ಕಳ ಮದುವೆಗೆ ನೆರವು ಸಿಗುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದ ಸೈನಿಕರಿಗಾಗಿ ಪುಣೆ ಹತ್ತಿರದ ಕಿರ್ಕಿಯಲ್ಲಿ, ಪಂಜಾಬಿನ ಮೊಹಾಲಿಯಲ್ಲಿ ಕೇಂದ್ರಗಳಿವೆ. ಅವಕ್ಕೂ ಈ ನಿಧಿಯಿಂದ ಅನುದಾನ ಇದೆ.

ಎಲ್ಲ ಸೈನಿಕರಿಗೂ ಪಿಂಚಣಿ ಬರುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಪೂರ್ತಿ ಸೇವೆ ಮಾಡದೆ ಬೇಗ ಬಿಟ್ಟು ಬಂದವರಿಗೆ ಇಲ್ಲ. ಎರಡನೇ ಮಹಾಯುದ್ಧಕ್ಕೆ ಅಂತ ಸೇರಿಸಿಕೊಂಡು, ಯುದ್ಧ ಮುಗಿದ ಮೇಲೆ ಮನೆಗೆ ಕಳಿಸಿದವರಲ್ಲೂ ಬಹಳ ಜನಕ್ಕೆ ಸಿಗಲಿಲ್ಲ.

ದುಡ್ಡು ಕೊಡೋದು ಕಡ್ಡಾಯವಾ?

ಇಲ್ಲ. ಮಕ್ಕಳ ಹತ್ತಿರ ಇಷ್ಟೇ ತರಬೇಕು ಅಂತ ನಾನು ಹೇಳೋದಿಲ್ಲ. ಬೇರೆ ಯಾರಾದರೂ ಹೇಳಿದರೆ ಕೊಡಬೇಡಿ ಅಂತಲೂ ಹೇಳೋದಿಲ್ಲ, ಅದು ನಿಮಗೆ ಬಿಟ್ಟಿದ್ದು. ದೊಡ್ಡ ಮೊತ್ತ ಕೊಡುವವರು ರಸೀದಿ ತಗೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ವಿನಾಯಿತಿ ಇದೆ.

ಎಡಗಡೆ ಹಾಕಬೇಕಾ, ಬಲಗಡೆನಾ?

ಕಾಗದದ ಬಾವುಟವನ್ನು ಸಾಮಾನ್ಯವಾಗಿ ಎಡ ಎದೆಗೆ, ಜೇಬಿನ ಮೇಲೆ ಚುಚ್ಚಿಕೊಳ್ಳುತ್ತಾರೆ. ಬಲಗಡೆ ಹಾಕಿಕೊಂಡರೆ ಯಾರೂ ಜಗಳಕ್ಕೆ ಬರುವುದಿಲ್ಲ. ಪದಕದ ವಿಷಯ ಮಾತ್ರ ಬೇರೆ, ಕೆಳಗೆ ಹೇಳಿದ್ದೇನೆ.

ಚುಚ್ಚೋದರಲ್ಲಿ ಒಂದು ಸಣ್ಣ ಉಪಾಯ. ಗುಂಡುಪಿನ್ನನ್ನು ಮೇಲಿಂದ ಕೆಳಗೆ ನೇರ ತೂರಿಸಿದರೆ ಸೈಕಲ್ ಮೇಲೆ ಹೋಗುವಾಗ ಬಾವುಟ ತಿರುಗಿ ತಿರುಗಿ ಮಧ್ಯಾಹ್ನದ ಹೊತ್ತಿಗೆ ಹರಿದಿರುತ್ತೆ. ಬಟ್ಟೆಯೊಳಗೆ ಅಡ್ಡಕ್ಕೆ ಎರಡು ಸಲ ಹಾಯಿಸಿ, ಮೊನೆ ಹೊರಗೆ ಬರದ ಹಾಗೆ ಒಳಗೇ ಬಿಡಿ. ಚಿಕ್ಕ ಮಕ್ಕಳಿಗೆ ಪಿನ್ನೇ ಬೇಡ, ಗೋಂದು ಹಚ್ಚಿದ ಸ್ಟಿಕ್ಕರ್ ಕೊಡಿ. ರೇಷ್ಮೆ ಸೀರೆಗೂ ಪಿನ್ ಬೇಡ. ಸೆರಗಿಗೆ ಹೇಗೂ ಸೇಫ್ಟಿ ಪಿನ್ ಹಾಕಿರುತ್ತೀರಲ್ಲ, ಅದಕ್ಕೇ ಪೋಣಿಸಿಬಿಡಿ.

ಎಷ್ಟು ದಿನ ಹಾಕಿಕೊಳ್ಳಬೇಕು?

ಒಂದು ದಿನ ಸಾಕು.

ಅಜ್ಜನ ಪದಕಗಳು ಟ್ರಂಕಿನಲ್ಲಿವೆ. ನಾನು ಹಾಕಿಕೊಳ್ಳಬಹುದಾ?

ಈ ಪ್ರಶ್ನೆ ಅರಕಲಗೂಡು, ಸಕಲೇಶಪುರ ಕಡೆಯವರಿಂದ ಜಾಸ್ತಿ ಬರುತ್ತದೆ. ಕೊಡಗಿನ ಗಾಳಿ ಬೀಸುವ ಊರುಗಳು, ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರು ಸೇನೆಯಲ್ಲಿ ಇದ್ದವರು ಸಿಗುತ್ತಾರೆ.

ಪದಕ ಗಳಿಸಿದವರು ಎಡ ಎದೆಯ ಮೇಲೆ ಹಾಕಿಕೊಳ್ಳುತ್ತಾರೆ. ಅವರು ತೀರಿಹೋದ ಮೇಲೆ ಮನೆಯವರು ನೆನಪಿಗೆ ಹಾಕಿಕೊಂಡರೆ ಬಲ ಎದೆಯ ಮೇಲೆ. ನೋಡಿದ ತಕ್ಷಣ ಗೊತ್ತಾಗಬೇಕು, ಇದು ಇವರದ್ದಲ್ಲ, ಇವರು ಯಾರನ್ನೋ ನೆನೆಯುತ್ತಿದ್ದಾರೆ ಅಂತ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದು ಹಳೆಯ ರೂಢಿ. ನಮ್ಮ ಸೇನೆಯೂ ಕೆಲವು ವರ್ಷಗಳ ಹಿಂದೆ, ಮಡಿದವರ ಹತ್ತಿರದ ಕುಟುಂಬದವರು ಯುದ್ಧ ಸ್ಮಾರಕಗಳಲ್ಲಿ ಗೌರವ ಸಲ್ಲಿಸುವಾಗ ಹೀಗೆ ಬಲಗಡೆ ಧರಿಸಲು ಒಪ್ಪಿಗೆ ಕೊಟ್ಟಿತು. ಹಾಗಾಗಿ ಮದುವೆ, ಆರತಕ್ಷತೆ, ಚುನಾವಣೆ ಮೆರವಣಿಗೆಗೆಲ್ಲ ಹಾಕಿಕೊಂಡು ಹೋಗೋದು ಬೇಡ. ಸ್ಮಾರಕದ ಮುಂದೆ ನಿಂತಾಗ ಹಾಕಿಕೊಳ್ಳಿ. ಎನ್‌ಸಿಸಿ ಯೂನಿಫಾರ್ಮಿನ ಮೇಲೆ ಮನೆಯವರ ಪದಕ ಬೇಡವೇ ಬೇಡ, ಎಷ್ಟೇ ಆಸೆ ಇದ್ದರೂ.

ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೀಪಾವಳಿಗೆ ಹಿತ್ತಾಳೆ ದೀಪ ತಿಕ್ಕೋ ಹಾಗೆ ತಿಕ್ಕಿ, ಅಂಚಿನಲ್ಲಿ ಕೊರೆದ ಹೆಸರು, ನಂಬರ್ ಸವೆದುಹೋದದ್ದನ್ನು ನೋಡಿದ್ದೇನೆ. ಆ ನಂಬರಿನಿಂದಲೇ ಮುಂದೆ ಯಾರಾದರೂ ದಾಖಲೆ ಹುಡುಕಬೇಕು. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು. ರಿಬ್ಬನ್ ಹಳೆಯದಾಗಿದ್ದರೆ ಒಗೆಯಬೇಡಿ.

ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಹೋಗಿದ್ದರಂತೆ. ನಿಜಾನಾ? ಹೇಗೆ ಪತ್ತೆ ಮಾಡೋದು?

ಆಗಿರಬಹುದು. ಹಾಸನ, ಚಿಕ್ಕಮಗಳೂರು ಎರಡೂ ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು, ಚಿಕ್ಕಮಗಳೂರಿಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಸಂಸ್ಥಾನದ ಕುದುರೆ ಪಡೆ, ಅಂದರೆ ಮೈಸೂರು ಲ್ಯಾನ್ಸರ್ಸ್, ಸಮುದ್ರ ದಾಟಿ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಜೋಧಪುರದವರ ಜೊತೆ ಸೇರಿ ಗೆದ್ದವರು ಇವರೇ. ಈಟಿ ಕತ್ತಿ ಹಿಡಿದು ಕುದುರೆ ಮೇಲೆ, ಎದುರಿಗೆ ಮೆಷಿನ್ ಗನ್. ದೆಹಲಿಯ ತೀನ್ ಮೂರ್ತಿ ಪ್ರತಿಮೆಗಳಿವೆಯಲ್ಲ, ಆ ಮೂವರು ಹೈದರಾಬಾದ್, ಜೋಧಪುರ, ಮೈಸೂರಿನ ಸವಾರರು. ದೆಹಲಿ ಟೂರಿಗೆ ಹೋದ ನಮ್ಮವರು ಎದುರಿಗೆ ನಿಂತು ಸೆಲ್ಫಿ ತೆಗೆದುಕೊಂಡು ಬರುತ್ತಾರೆ, ಅವರಲ್ಲೊಬ್ಬ ನಮ್ಮ ಕಡೆಯವನು ಅಂತ ಗೊತ್ತೇ ಇರೋದಿಲ್ಲ.

ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಲ್ಲಿ ದುಡಿದರು. ಸುಮಾರು 74,000 ಜನ ವಾಪಸ್ ಬರಲಿಲ್ಲ. ಮಡಿದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಬಹುದು. ಹೆಸರಿನ ಕಾಗುಣಿತ ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಏನೇನೋ ಆಗಿರುತ್ತೆ. ನಾಲ್ಕೈದು ಥರ ಬರೆದು ನೋಡಿ, ಆಮೇಲೆ ಅಪ್ಪನ ಹೆಸರು ಹಾಕಿ ನೋಡಿ. 1947ರ ನಂತರ ಮಡಿದವರಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ನೋಡಬೇಕು. 2019ರ ಫೆಬ್ರವರಿ 25ಕ್ಕೆ ಶುರುವಾಗಿದ್ದು. ಅಲ್ಲಿನ ತ್ಯಾಗ ಚಕ್ರದ ಗ್ರಾನೈಟ್ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ, ಒಂದೊಂದು ಕಲ್ಲಿಗೆ ಒಂದು ಹೆಸರು.

ನಮ್ಮ ಊರ ಹಿಂದಿನವರು ಏನು ಧರಿಸುತ್ತಿದ್ದರು?

ಗೆದ್ದು ಬಂದವನ ಕಾಲಿಗೆ ಗಂಡಪೆಂಡೆಯ ತೊಡಿಸುತ್ತಿದ್ದರು. ಅದು ಬದುಕಿದವನಿಗೆ. ಸತ್ತವನ ನೆನಪಿಗೆ ಉಳಿದವರು ಮೈಮೇಲೆ ಏನಾದರೂ ಧರಿಸೋದು ನಮ್ಮ ಪದ್ಧತಿಯಾಗಿ ಕಾಣೋದಿಲ್ಲ. ನಮ್ಮದು ಕಲ್ಲು.

ಬೇಲೂರು, ಅರಸೀಕೆರೆ, ಕಡೂರು, ತರೀಕೆರೆ ಯಾವ ಕಡೆ ಹೋದರೂ ವೀರಗಲ್ಲು ಸಿಗುತ್ತವೆ. ಕೆರೆ ಏರಿ ಮೇಲೆ, ಗುಡಿ ಹಿಂದೆ, ಕೆಲವು ಕಡೆ ಬಟ್ಟೆ ಒಗೆಯೋ ಕಲ್ಲಾಗಿ ಕೂಡ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಎಲ್ಲರೂ ರಾಜನ ಯುದ್ಧದಲ್ಲಿ ಸತ್ತವರಲ್ಲ. ದನ ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿದವರು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋದವರೂ ಇದ್ದಾರೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಹೋದಾಗ ಗರುಡಗಂಬ ನೋಡಿ ಬನ್ನಿ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲದೇವಿ, ಜೊತೆಗಾರರು ಜೀವ ಕೊಟ್ಟದ್ದನ್ನು ಆ ಕಂಬದ ಶಾಸನ ಹೇಳುತ್ತದೆ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವವರ ಕೆತ್ತನೆ ಇದೆ. ಅದು ಯುದ್ಧದ ಸಾವಲ್ಲ, ಒಡೆಯನ ಜೊತೆ ಸಾಯುವ ಶಪಥ. ನನಗೆ ಅದರ ಮುಂದೆ ನಿಂತರೆ ಗೌರವಕ್ಕಿಂತ ಸಂಕಟ ಜಾಸ್ತಿ ಆಗುತ್ತೆ, ಮಕ್ಕಳಿಗೂ ಹಾಗೇ ಹೇಳುತ್ತೇನೆ.

ಹಿಂದಿನವರು ಕಲ್ಲು ನೆಟ್ಟು ಸುಮ್ಮನಾಗಲಿಲ್ಲ ಅನ್ನೋದು ಇಲ್ಲಿ ಮುಖ್ಯ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಜಮೀನು ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಅಂತ ಶಾಸನಗಳಲ್ಲಿ ಬರುತ್ತದಲ್ಲ, ಅದು ಇದೇ. ಹೆಸರಿಗೆ ಕಲ್ಲು, ಹೊಟ್ಟೆಗೆ ಹೊಲ. ಡಿಸೆಂಬರಿನ ಬಾವುಟ ಮತ್ತು ಡಬ್ಬಿ ಎರಡೂ ಒಟ್ಟಿಗೆ ಇರಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ಬಾವುಟ ಮಾತ್ರ ಹಾಕಿಕೊಂಡು ಫೋಟೋ ತೆಗೆಸಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಮಗಳು ಲಂಡನ್‌ನಲ್ಲಿ ಕೆಲಸ ಮಾಡುತ್ತಾಳೆ. ನವೆಂಬರ್‌ನಲ್ಲಿ ಎಲ್ಲರೂ ಕೆಂಪು ಹೂವು ಹಾಕಿಕೊಳ್ಳುತ್ತಾರಂತೆ. ಅವಳೂ ಹಾಕಬೇಕಾ?

ಅದು ಪಾಪಿ ಹೂವು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ, ಉತ್ತರ ಫ್ರಾನ್ಸ್‌ನ ಹೊಲಗಳೆಲ್ಲ ಗುಂಡು ಬಿದ್ದು ಉತ್ತುಹೋಗಿದ್ದವು. ಮಣ್ಣು ಅಲ್ಲಾಡಿದರೆ ಮೊಳೆಯುವ ಕಳೆಗಿಡ ಇದು, ಸಮಾಧಿಗಳ ನಡುವೆ ಕೆಂಪಗೆ ಅರಳಿತು. ಜಾನ್ ಮೆಕ್ರೇ ಅನ್ನುವ ಕೆನಡಾದ ಸೇನಾ ವೈದ್ಯ 1915ರಲ್ಲಿ ಅದರ ಮೇಲೆ ಪದ್ಯ ಬರೆದರು. ಪದ್ಯ ಓದಿ 1918ರಲ್ಲಿ ಅಮೆರಿಕದ ಮೊಯ್ನಾ ಮೈಕೆಲ್ ಹೂವು ಧರಿಸಲು ಶುರು ಮಾಡಿದರು. ಫ್ರಾನ್ಸಿನ ಅನ್ನಾ ಗೆರಿನ್ ಬಟ್ಟೆ ಹೂವು ಮಾಡಿ ಮಾರಿ ಅನಾಥ ಮಕ್ಕಳಿಗೆ ಹಣ ಕೂಡಿಸಬಹುದು ಅಂತ ದಾರಿ ತೋರಿಸಿದರು. 1921ರಲ್ಲಿ ಬ್ರಿಟನ್‌ನಲ್ಲಿ ಮೊದಲ ಸಲ ಮಾರಾಟವಾಯಿತು. ಮುಂದಿನ ವರ್ಷವೇ ಗಾಯಗೊಂಡ ಮಾಜಿ ಸೈನಿಕರಿಗೆ ಕೆಲಸ ಕೊಡಲು ಹೂವು ಮಾಡುವ ಕಾರ್ಖಾನೆ ಹುಟ್ಟಿತು. ನೋಡಿ, ಅಲ್ಲೂ ಹೂವಿನ ಹಿಂದೆ ಡಬ್ಬಿ ಇದೆ.

1918ರ ನವೆಂಬರ್ 11, ಬೆಳಿಗ್ಗೆ 11 ಗಂಟೆಗೆ ಆ ಯುದ್ಧ ನಿಂತಿತು. ಅದಕ್ಕೇ ಆ ದಿನ ಎರಡು ನಿಮಿಷ ಮೌನ. ಆಫೀಸಿನಲ್ಲಿ ಅಷ್ಟು ಹೊತ್ತು ಫೋನ್ ಎತ್ತಬಾರದು ಅಂತ ಮಗಳಿಗೆ ಮೊದಲೇ ಹೇಳಿ.

ಹಾಕಬೇಕಾ ಅಂದರೆ, ಕಡ್ಡಾಯ ಇಲ್ಲ. ಅಲ್ಲಿಯೇ ಅದರ ಬಗ್ಗೆ ಜಗಳ ಇದೆ. ಯುದ್ಧವನ್ನು ಹೊಗಳಿದ ಹಾಗಾಗುತ್ತೆ ಅಂತ 1933ರಲ್ಲಿ ಅಲ್ಲಿನ ಸಹಕಾರಿ ಮಹಿಳಾ ಸಂಘದವರು ಬಿಳಿ ಪಾಪಿ ತಂದರು. ಗಂಡನನ್ನೋ ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಹೆಂಗಸರೂ ಅದರಲ್ಲಿದ್ದರು. ಪ್ರಾಣಿಗಳ ನೆನಪಿಗೆ ನೇರಳೆ ಬಣ್ಣದ್ದೂ ಇದೆ. 2016ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಫುಟ್‌ಬಾಲ್ ಆಟಗಾರರು ಪಾಪಿ ಇರುವ ತೋಳುಪಟ್ಟಿ ಕಟ್ಟಿಕೊಂಡು ಆಡಿದ್ದಕ್ಕೆ ಫಿಫಾ ದಂಡ ಹಾಕಿತ್ತು. ನಿಮ್ಮ ಮಗಳಿಗೆ ಹೇಳಿಕೊಳ್ಳಲು ಒಂದು ಮಾತಿದೆ. ಆ ಸಮಾಧಿಗಳಲ್ಲಿ ಭಾರತದವರೂ ಇದ್ದಾರೆ. ಯಾರೋ ಪರದೇಶದವರ ಹೂವು ಅಂತ ಹಿಂಜರಿಯೋದು ಬೇಡ, ಮನಸ್ಸಿದ್ದರೆ ಹಾಕಿಕೊಳ್ಳಲಿ.

ಇದು ಪಾಯಸಕ್ಕೆ ಹಾಕುವ ಗಸಗಸೆಯ ಗಿಡ ಅಲ್ಲ, ಅದರ ಹತ್ತಿರದ ನೆಂಟ. ಗಸಗಸೆ ಗಿಡ ಅಫೀಮಿನ ಗಿಡ. ಹಿತ್ತಲಲ್ಲಿ ಕೆಂಪು ಹೂವು ಬೆಳೆಸುತ್ತೇನೆ ಅಂತ ಅಂಗಡಿ ಗಸಗಸೆ ಬಿತ್ತಲು ಹೋಗಬೇಡಿ, ಲೈಸೆನ್ಸ್ ಇಲ್ಲದೆ ಬೆಳೆದರೆ ಜೈಲು.

ನಮಗೆ ಅಂತ ಒಂದು ಹೂವು ಇಲ್ವಾ?

ಇದೆ ಅಂತ ಹೇಳಬಹುದು. ದೆಹಲಿಯ ಯುನೈಟೆಡ್ ಸರ್ವೀಸ್ ಇನ್‌ಸ್ಟಿಟ್ಯೂಷನ್ ಅನ್ನುವ ಹಳೆಯ ಸಂಸ್ಥೆ ಚೆಂಡು ಹೂವನ್ನು ಭಾರತದ ನೆನಪಿನ ಹೂವಾಗಿ ಮುಂದಿಟ್ಟಿದೆ. ಎಲ್ಲ ಕಡೆ ಸಿಗುತ್ತೆ, ಕೇಸರಿ ತ್ಯಾಗದ ಬಣ್ಣ ಅನ್ನೋದು ಅವರ ಕಾರಣ. ಸರ್ಕಾರದ ಆದೇಶ ಏನಿಲ್ಲ, ನಮ್ಮ ಕಡೆ ಇನ್ನೂ ಅಷ್ಟಾಗಿ ಬಂದಿಲ್ಲ.

ನನಗೆ ಈ ಆಯ್ಕೆ ಹಿಡಿಸಿತು. ಮಲ್ಲಿಗೆ, ಕನಕಾಂಬರ ಮುಡಿಯುವ ಹೂವು. ಚೆಂಡು ಹೂವು ಹಾಗಲ್ಲ. ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಹಾಕುತ್ತೇವೆ, ಹಬ್ಬಕ್ಕೆ ಬಾಗಿಲಿಗೆ ಕಟ್ಟುತ್ತೇವೆ, ಕೊನೆಗೆ ಚಟ್ಟದ ಮೇಲೂ ಅದೇ. ದಸರಾ ಮುಗಿದ ಮೇಲೆ ಹಾಸನದ ಹೂವಿನ ಮಾರ್ಕೆಟ್ಟಿನಲ್ಲಿ ರೇಟು ಬಿದ್ದು, ಮಾರಾಟವಾಗದ ಚೆಂಡು ಹೂವನ್ನು ರೈತರು ಅಲ್ಲೇ ಸುರಿದು ಹೋಗೋದುಂಟು. ಒಂದು ಕಡೆ ಅದನ್ನೇ ಕೊಂಡು ಕಾರ್ಗಿಲ್ ದಿನಕ್ಕೋ ಡಿಸೆಂಬರಿಗೋ ಹಂಚಿದರೆ ಯಾರಿಗೂ ನಷ್ಟ ಇಲ್ಲ. ಜೇಬಿಗೆ ಸಿಕ್ಕಿಸುವುದಾದರೆ ಅರ್ಧ ಅರಳಿದ್ದು ತಗೊಳ್ಳಿ, ಪೂರ್ತಿ ಅರಳಿದ್ದು ಹನ್ನೊಂದು ಗಂಟೆಗೆಲ್ಲ ಎಸಳು ಉದುರಿಸುತ್ತೆ.

ತೋಳಿಗೆ ಕಪ್ಪು ಪಟ್ಟಿ ಕಟ್ಟಬಹುದಾ?

ಕಟ್ಟಬಹುದು. ಆದರೆ ನಮ್ಮ ಊರಲ್ಲಿ ಕಪ್ಪು ಪಟ್ಟಿ ಅಂದರೆ ಜನ ಮೊದಲು ಕೇಳೋದು ‘ಏನ್ ಸರ್, ಮುಷ್ಕರನಾ? ಸಂಬಳ ಬಂದಿಲ್ವಾ?’ ಅಂತ. ನೌಕರರು ಕಪ್ಪು ಪಟ್ಟಿ ಧರಿಸಿ ಕೆಲಸ ಮಾಡಿದರು ಅಂತ ಪೇಪರಿನಲ್ಲಿ ಓದಿ ಓದಿ ಅಭ್ಯಾಸ ಆಗಿದೆ. ಎನ್.ಆರ್. ಸರ್ಕಲ್‌ನಲ್ಲಿ ಹತ್ತು ಜನ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತರೆ ಪೊಲೀಸರು ಬಂದು ವಿಚಾರಿಸುತ್ತಾರೆ.

ಆಟದ ಮೈದಾನದಲ್ಲಿ ಮಾತ್ರ ಅದರ ಅರ್ಥ ಎಲ್ಲರಿಗೂ ಗೊತ್ತು. ಪುಲ್ವಾಮಾ ದಾಳಿಯಾದ ಮೇಲೆ 2019ರ ಫೆಬ್ರವರಿ 24ರಂದು ವಿಶಾಖಪಟ್ಟಣದಲ್ಲಿ ನಮ್ಮ ಕ್ರಿಕೆಟ್ ತಂಡ ಕಪ್ಪು ಪಟ್ಟಿ ಕಟ್ಟಿ ಆಡಿತು. ಮಾರ್ಚ್ 8ಕ್ಕೆ ರಾಂಚಿಯಲ್ಲಿ ಸೇನೆಯ ಥರದ ಟೋಪಿ ಹಾಕಿ, ಆ ಪಂದ್ಯದ ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟಿತು. ಶಾಲೆ, ಕಾಲೇಜಿನ ಪಂದ್ಯಕ್ಕೆ ಹಾಗೆ ಕಟ್ಟಿಕೊಳ್ಳಿ, ತೊಂದರೆ ಇಲ್ಲ.

ಮಿಲಿಟರಿ ಬಣ್ಣದ ಪ್ಯಾಂಟು, ಜಾಕೆಟ್ ಹಾಕಿಕೊಳ್ಳೋದೂ ಗೌರವವೇ ಅಲ್ವಾ?

ಮುಳ್ಳಯ್ಯನಗಿರಿ ಹತ್ತುವ ಹುಡುಗರಲ್ಲಿ ಅರ್ಧ ಜನ ಅದನ್ನೇ ಹಾಕಿರುತ್ತಾರೆ. ಅದು ಫ್ಯಾಷನ್, ಗೌರವ ಅಂತ ಕರೆಯೋದು ಬೇಡ. ಹೆಗಲ ಮೇಲೆ ಸ್ಟಾರು, ತೋಳಿನ ಮೇಲೆ ಪಟ್ಟಿ, ರೆಜಿಮೆಂಟಿನ ಬ್ಯಾಡ್ಜ್, ಇವನ್ನು ಮುಟ್ಟಲೇಬೇಡಿ. ತಾನು ಸೈನಿಕ ಅಂತ ಜನ ನಂಬಲಿ ಅಂತ ಸೈನಿಕರ ವೇಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಆಗಬಹುದು. 2022ರಲ್ಲಿ ಸೇನೆ ಹೊಸ ವಿನ್ಯಾಸದ ಸಮರ ಉಡುಪು ತಂದಿತಲ್ಲ, ಆ ವಿನ್ಯಾಸವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಬೇರೆಯವರು ಹೊಲಿದು ಮಾರುವಂತಿಲ್ಲ.

ತ್ರಿವರ್ಣದ ಬ್ಯಾಡ್ಜ್, ಬ್ಯಾಂಡ್?

ಎದೆ ಮೇಲೆ ಗೌರವದಿಂದ ಹಾಕಿಕೊಳ್ಳಿ. ಸೊಂಟದಿಂದ ಕೆಳಗೆ ಎಲ್ಲಿಯೂ ಕೂಡದು. ಕರವಸ್ತ್ರ, ದಿಂಬು, ಒಳಉಡುಪಿನ ಮೇಲೆ ಮುದ್ರಿಸುವಂತಿಲ್ಲ. 1971ರ ಕಾಯ್ದೆ ಪ್ರಕಾರ ರಾಷ್ಟ್ರಧ್ವಜಕ್ಕೆ ಅವಮಾನ ಮಾಡಿದರೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಪ್ಲಾಸ್ಟಿಕ್ಕಿನದು ಕೊಳ್ಳಬೇಡಿ. ಕಾಗದದ ಧ್ವಜವನ್ನು ಕಾರ್ಯಕ್ರಮ ಮುಗಿದ ಮೇಲೆ ನೆಲಕ್ಕೆ ಬಿಸಾಡದೆ ಮನೆಗೆ ತಂದು, ಯಾರೂ ಇಲ್ಲದ ಕಡೆ ಮರ್ಯಾದೆಯಿಂದ ವಿಲೇವಾರಿ ಮಾಡಬೇಕು.

ಇದಕ್ಕೆ ಸೇರಿದ ಇನ್ನೊಂದು ಮಾತು. ಸೈನಿಕನ ದೇಹದ ಮೇಲೆ ಹೊದಿಸಿದ ಧ್ವಜವನ್ನು ಚಿತೆಗೆ, ಗುಂಡಿಗೆ ಹಾಕುವಂತಿಲ್ಲ. ಮೊದಲೇ ತೆಗೆದು ಮಡಿಸಿ ಮನೆಯವರ ಕೈಗೆ ಕೊಡುತ್ತಾರೆ. ಅದನ್ನು ಯಾರೂ ಮೈಮೇಲೆ ಹೊದ್ದುಕೊಳ್ಳೋದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಫೋಟೋ ಪಕ್ಕ ಇಡೋದು ರೂಢಿ.

ಪುಲ್ವಾಮಾದಲ್ಲಿ ಮಡಿದವರು, ಪೊಲೀಸರು? ಅವರಿಗೂ ಇದೇ ಬಾವುಟನಾ?

ಅಲ್ಲ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ 40 ಜನ ಸಿಆರ್‌ಪಿಎಫ್‌ನವರು, ಅದು ಗೃಹ ಸಚಿವಾಲಯದ ಕೆಳಗೆ ಬರುವ ಪಡೆ. ಧ್ವಜ ದಿನದ ನಿಧಿ ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ. ಅರೆಸೇನಾ ಪಡೆಗಳ ಕುಟುಂಬಗಳಿಗೆ ನೆರವು ಕೊಡಲು ‘ಭಾರತ್ ಕೆ ವೀರ್’ ಅನ್ನುವ ಬೇರೆ ವ್ಯವಸ್ಥೆ ಇದೆ.

ಕರ್ನಾಟಕ ಪೊಲೀಸ್ ಧ್ವಜ ದಿನ ಏಪ್ರಿಲ್ 2ಕ್ಕೆ, ಆ ಬಾವುಟವೂ ಬೇರೆ, ಹಣವೂ ಬೇರೆ. ಮಡಿದ ಪೊಲೀಸರನ್ನು ನೆನೆಯೋದು ಅಕ್ಟೋಬರ್ 21ಕ್ಕೆ. 1959ರಲ್ಲಿ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾದವರ ದಾಳಿಗೆ 10 ಜನ ಪೊಲೀಸರು ಸತ್ತರು. ಉಳಿದಂತೆ ಜುಲೈ 26 ಕಾರ್ಗಿಲ್, ಡಿಸೆಂಬರ್ 16 ಬಾಂಗ್ಲಾ ಯುದ್ಧ ಗೆದ್ದ ದಿನ. ಕಾರ್ಗಿಲ್‌ನಲ್ಲಿ ನಾವು ಕಳೆದುಕೊಂಡದ್ದು 527 ಜನರನ್ನು. ಈ ಎರಡು ದಿನಕ್ಕೆ ಇದೇ ಧರಿಸಬೇಕು ಅಂತ ಏನೂ ಇಲ್ಲ.

ಕಾರ್ಯಕ್ರಮಕ್ಕೆ ಮಡಿದ ಸೈನಿಕರ ಹೆಂಡತಿಯನ್ನು ಕರೆಯುತ್ತೇವೆ. ಅವರಿಗೆ ಬಾವುಟ ಚುಚ್ಚಬೇಕಾ? ನೋವಾಗುತ್ತಾ?

ಒಳ್ಳೆಯ ಪ್ರಶ್ನೆ, ಕಷ್ಟದ ಪ್ರಶ್ನೆ ಕೂಡ. ಸೇನೆ ಅವರನ್ನು ವೀರನಾರಿ ಅನ್ನುತ್ತದೆ. ನಾವು ವೇದಿಕೆ ಮೇಲೆ ಹಾಗೇ ಕರೆದು, ಕೆಳಗೆ ಇಳಿದ ಮೇಲೆ ಅರಿಶಿನ ಕುಂಕುಮದ ತಟ್ಟೆ ಅವರನ್ನು ದಾಟಿ ಮುಂದೆ ಹೋಗುವ ಹಾಗೆ ನೋಡಿಕೊಳ್ಳುತ್ತೇವೆ. ಒಂದು ಕಚೇರಿಯ ಸಮಾರಂಭದಲ್ಲಿ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಫೋಟೋ ಹೊತ್ತಿಗೆ ಮಾತ್ರ ಮುಂದೆ ಕರೆದದ್ದನ್ನು ನೋಡಿದೆ. ಬಾವುಟ ಹಾಕಿಕೊಂಡ ಕೈಗಳೇ ಅದನ್ನೂ ಮಾಡಿದ್ದು.

ನಾನು ಹೇಳೋದು ಇಷ್ಟು. ಅವರಿಗೆ ಚುಚ್ಚಲು ಹೋಗಬೇಡಿ. ಅವರ ಕೈಯಿಂದ ಮೊದಲ ಬಾವುಟ ಹಾಕಿಸಿಕೊಳ್ಳಿ. ಬಂದ ಅಧಿಕಾರಿಗೆ ಅವರೇ ಚುಚ್ಚಲಿ. ಒಂದು ದಿನ ಮೊದಲು ಮನೆಗೆ ಹೋಗಿ ‘ನಿಮಗೆ ಆಗುತ್ತಾ ಅಮ್ಮ?’ ಅಂತ ಕೇಳಿ. ಆಗಲ್ಲ ಅಂದರೆ ಬಲವಂತ ಬೇಡ, ಕಾರಣ ಕೇಳೋದೂ ಬೇಡ. ಗಂಡ ಹೇಗೆ ಸತ್ತರು ಅಂತ ಮೈಕಿನಲ್ಲಿ ವಿವರವಾಗಿ ಹೇಳಿಸಬೇಡಿ.

ಬೇಲೂರು ಕಡೆಯ ಒಬ್ಬ ಅಜ್ಜಿ ನಮ್ಮ ಶಾಲೆಗೆ ಬಂದಿದ್ದರು, ಮೊಮ್ಮಗಳು ನಮ್ಮ ಕೆಡೆಟ್. ಹುಡುಗಿ ಬಾವುಟ ಹಿಡಿದು ಹತ್ತಿರ ಹೋದರೆ ಅಜ್ಜಿ ಕೈ ಅಡ್ಡ ಹಿಡಿದರು. ‘ಪಿನ್ನು ಬ್ಯಾಡ ಕಣವ್ವ, ಸೀರೆ ಹರ್ದೋಯ್ತದೆ’ ಅಂದು, ಬಾವುಟ ಇಸ್ಕೊಂಡು ಎಲೆಅಡಿಕೆ ಚೀಲದೊಳಗೆ ಸುಣ್ಣದ ಡಬ್ಬಿ ಪಕ್ಕ ಇಟ್ಟುಕೊಂಡರು. ಆಮೇಲೆ ಸೊಂಟದಿಂದ ಹತ್ತು ರೂಪಾಯಿ ತೆಗೆದು ಡಬ್ಬಿಗೆ ಹಾಕಿದರು. ಆ ನಿಧಿಯಿಂದ ನೆರವು ತಗೊಳ್ಳುವವರು ಅವರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಹಾಕಿಕೊಳ್ಳದವರನ್ನು ಏನು ಮಾಡೋದು?

ಏನೂ ಮಾಡಬೇಡಿ. ಬಾವುಟ ಹಾಕದ ಹುಡುಗನಿಗೆ ‘ದೇಶದ್ರೋಹಿ’ ಅಂತ ಕೂಗಿದ ಮಕ್ಕಳನ್ನು ಕರೆದು ಬೈದಿದ್ದೇನೆ. ಕೆಲವರಿಗೆ ಯುದ್ಧ ಅಂದರೇ ಬೇಡ. ಕೆಲವರ ಮನೆಯಲ್ಲಿ ಬೇರೆ ದುಃಖ ಇರುತ್ತೆ. ಕೆಲವರ ಹತ್ತಿರ ಆ ದಿನ ಹತ್ತು ರೂಪಾಯಿ ಇರೋದಿಲ್ಲ, ಅದನ್ನು ಹೇಳಿಕೊಳ್ಳಲು ನಾಚಿಕೆ. ನಮ್ಮ ಶಾಲೆಯಲ್ಲಿ ಡಬ್ಬಿ ಒಂದು ಮೂಲೆಯಲ್ಲಿ, ಬಾವುಟ ಇನ್ನೊಂದು ಮೂಲೆಯಲ್ಲಿ ಇಡುತ್ತೇವೆ. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಕಾಣೋದಿಲ್ಲ.

ವಾಟ್ಸಾಪ್ ಡಿಪಿ ಬದಲಾಯಿಸಿದರೆ ಆಯಿತಲ್ಲ?

ಬದಲಾಯಿಸಿ, ಖರ್ಚಿಲ್ಲ. ಡಬ್ಬಿಗೂ ಏನೂ ಬೀಳೋದಿಲ್ಲ. ಮಡಿದವರ ಫೋಟೋ ಹಾಕುವ ಮೊದಲು ಅದು ಅವರದ್ದೇನಾ ಅಂತ ನೋಡಿ. ಬೇರೆ ಯಾರದ್ದೋ ಫೋಟೋಗೆ ಹೂವಿನ ಹಾರ ಹಾಕಿ ಕಳಿಸುವವರು ನಮ್ಮ ಗ್ರೂಪಿನಲ್ಲೇ ಇದ್ದಾರೆ.

ನಮ್ಮ ಕಡೆ ಬಾವುಟ ಬಂದಿಲ್ಲ. ಎಲ್ಲಿ ಸಿಗುತ್ತೆ?

ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ. ಹತ್ತಿರದ ಕಚೇರಿ ಯಾವುದು ಅಂತ ನಿಮ್ಮ ಊರಿನ ಯಾವ ಮಾಜಿ ಸೈನಿಕರನ್ನು ಕೇಳಿದರೂ ಹೇಳುತ್ತಾರೆ. ಶಾಲೆ, ಸಂಘ, ಎಸ್ಟೇಟಿನವರು ಒಟ್ಟಿಗೆ ತಗೊಳ್ಳುವುದಾದರೆ ನವೆಂಬರಿನಲ್ಲೇ ಒಂದು ಪತ್ರ ಕೊಟ್ಟುಬಿಡಿ, ಡಿಸೆಂಬರ್ 6ರ ಸಂಜೆ ಓಡಿ ಹೋದರೆ ಕಷ್ಟ. ಬಾವುಟದ ಜೊತೆ ಕಾರಿಗೆ ಹಾಕುವ ದೊಡ್ಡ ಬಾವುಟವೂ ಇರುತ್ತೆ. ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ವರ್ಷದ ಯಾವ ದಿನ ಬೇಕಾದರೂ ಹಣ ಕಟ್ಟಬಹುದು. ಉಳಿದ ಬಾವುಟಗಳನ್ನು ಎಸೆಯಬೇಡಿ, ಕೂಡಿದ ಹಣ ಮತ್ತು ಲೆಕ್ಕದ ಜೊತೆ ತಂದ ಕಡೆಗೇ ವಾಪಸ್ ಕೊಡಿ.